ಅರ್ಧ ಪರದೆಯ ಕೊಟ್ರಕ್ಕ

ಮಾರ್ಚ್ ೮, ಭಾನುವಾರ. ಬೆಳಿಗ್ಗೆ ೧೦ ಗಂಟೆ ೧೦ ನಿಮಿಷಕ್ಕೆ ಬರೆಯಲು ಕೂತೆ.

ಕೊಟ್ರಕ್ಕ ಟಿ.ವಿ.ಯನ್ನು ಅರ್ಧ ಮಾತ್ರ ನೋಡುತ್ತಿದ್ದರು. ಅರ್ಧ ಹೊತ್ತು ಅಲ್ಲ, ಅರ್ಧ ಪರದೆ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಸಂಜೆ ಆ ಮನೆಯವರ ಪಾತ್ರೆ ತೊಳೆದುಕೊಟ್ಟು, ಕೈ ಒರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರೆ ಹಾಲಿನ ಟಿ.ವಿ. ಕಾಣುತ್ತಿತ್ತು. ಆದರೆ ನಡುವೆ ಒಂದು ಕಬ್ಬಿಣದ ಬೀರು. ಪರದೆಯ ಎಡ ಅರ್ಧ ಕಣ್ಣಿಗೆ, ಬಲ ಅರ್ಧ ಬರೀ ಕಿವಿಗೆ.

“ಹಾಲಿಗೆ ಹೋಗಿ ಕೂತ್ರೆ ಬ್ಯಾಡ ಅಂತಾರೇನ್ರಿ ಅಕ್ಕ?” ಎಂದು ಒಮ್ಮೆ ಕೇಳಿದ್ದೆ.

“ಬ್ಯಾಡ ಅಂದಿಲ್ಲ. ಕೂತ್ಕ ಅಂತನೂ ಅಂದಿಲ್ಲ” ಎಂದಿದ್ದರು.

ಹಾಗಾಗಿ ಬೆಳಿಗ್ಗೆ ೮.೨೦ರ ಹರಿಹರದ ಬಸ್ಸಿನಲ್ಲಿ ನಾನು ಪಕ್ಕದಲ್ಲಿ ಕೂತ ತಕ್ಷಣ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಏ ರೇಣು, ನಿನ್ನೆ ಬಲಗಡೆ ಯಾರಿದ್ರು?”

ನಾನು ನನ್ನ ಕೋಣೆಯಲ್ಲಿ ಮೊಬೈಲಿನಲ್ಲಿ ಅದೇ ಧಾರಾವಾಹಿಗಳನ್ನು ನೋಡುತ್ತಿದ್ದೆ. ಬಲಗಡೆಯ ಅರ್ಧವನ್ನು ಒಪ್ಪಿಸುವುದು ನನ್ನ ಕೆಲಸ. ಅಳುತ್ತಿದ್ದವಳು ಬಾಗಿಲಲ್ಲಿ ನಿಂತಿದ್ದಳೋ, ಕುರ್ಚಿಯಲ್ಲಿ ಕೂತಿದ್ದಳೋ. ಕಳ್ಳನ ಕೈಯಲ್ಲಿ ಏನಿತ್ತು. ನರ್ಸು ಮುಖ ತಿರುಗಿಸಿದಳೋ ಇಲ್ಲವೋ. ಇದೆಲ್ಲ ತಿಳಿದ ಮೇಲೆಯೇ ಕೊಟ್ರಕ್ಕ ತೀರ್ಪು ಕೊಡುತ್ತಿದ್ದರು. “ಅರ್ಧ ನೋಡಿ ನ್ಯಾಯ ಹೇಳಬಾರ್ದು” ಎನ್ನುತ್ತಿದ್ದರು.

ಧಾರಾವಾಹಿಗಳು ಎರಡು. ಎರಡೂ ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಆದವು. ಒಂದರಲ್ಲಿ ನೀಲಿ ಮುಖವಾಡ ಹಾಕಿಕೊಂಡು ಊರಿನ ಮೇಲೆ ಹಾರಾಡುವ ಒಬ್ಬ. ಇನ್ನೊಂದರಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು. ಕೊಟ್ರಕ್ಕ ಪಾತ್ರಗಳ ಹೆಸರು ಹೇಳಿದ್ದು ನನಗೆ ನೆನಪಿಲ್ಲ. ಮುಖವಾಡದವನು “ಹಾರೋನು”, ಡಾಕ್ಟರು “ಕೋಟಿನೋನು”. ನಾನು ಇಟ್ಟಿರುವ ಲೆಕ್ಕದ ಪುಸ್ತಕದ ಪ್ರಕಾರ ನಾವು ತೀರ್ಪು ಬರೆದ ವಿಷಯಗಳು ಒಟ್ಟು ೮೩. ಹಾರುವವನದು ೩೮, ಕೋಟಿನವನದು ೪೪. ಉಳಿದ ಒಂದು ಇಬ್ಬರದೂ ಅಲ್ಲ. ಇದನ್ನೆಲ್ಲ ಬರೆಯುತ್ತಿರುವುದು ಆ ಒಂದರ ಸಲುವಾಗಿ.

ಮೊದಲ ಭೇಟಿ ಜೂನ್ ೧೬. ನಾನು ಮಾಯಕೊಂಡದಿಂದ ಬಂದು ನಿಜಲಿಂಗಪ್ಪ ಬಡಾವಣೆಯಲ್ಲಿ ಕೋಣೆ ಹಿಡಿದು ಹದಿನೈದು ದಿನವಾಗಿತ್ತು. ಹರಿಹರದ ಒಂದು ಔಷಧಿ ಗೋದಾಮಿನಲ್ಲಿ ಕೆಲಸ. ಬಂದ ಡಬ್ಬಿಗಳ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಬರೆದಿಡಬೇಕು. ಡೈರಿಯ ಚಟ ಶಾಲೆಯಿಂದಲೂ ಇದ್ದದ್ದೇ. ಆಗಿನ ಡೈರಿಯಲ್ಲಿ ಒಂದು ಕಾಲಂ ಹಾಕಿಕೊಂಡಿದ್ದೆ: “ಇವತ್ತು ಹೆಸರು ಹಿಡಿದು ಕರೆದವರು.” ಅಮ್ಮನ ಫೋನನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ನಾನೇ ನಿಯಮ ಮಾಡಿಕೊಂಡಿದ್ದೆ. ಗೋದಾಮಿನವರಿಗೆ ನಾನು “ಮೇಡಂ”, ಕೋಣೆಯ ಮಾಲೀಕರಿಗೆ “ಮೇಲಿನ ರೂಮಿನವಳು”. ಹದಿನೈದು ದಿನವೂ ಆ ಕಾಲಮ್ಮಿನಲ್ಲಿ ಸೊನ್ನೆ.

ಆವತ್ತು ಬಸ್ಸಿನಲ್ಲಿ ಖಾಲಿ ಇದ್ದ ಒಂದೇ ಸೀಟಿನಲ್ಲಿ ಹೋಗಿ ಕೂತೆ. ಪಕ್ಕದ ಹೆಂಗಸು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು:

“ಅವನು ಮಾಡಿದ್ದು ಸರಿ ಅಲ್ಲ ಬಿಡು. ಮಲಗೋವಾಗ ಕಿವಿ ಮುಚ್ಕಂಡ್ನಲ್ಲ.”

“ಯಾರ್ರಿ, ನಿಮ್ಮ ಯಜಮಾನ್ರಾ?”

“ಅಯ್ಯ, ಈಗ ಯಜಮಾನ ಎಲ್ಲಿಂದ ಬಂದ! ಹಾರೋನು. ಏಳು ಗಂಟಿಗೆ ಬರ್ತಾನಲ್ಲ, ಅವನು.”

ಅವರು ಹೇಳಿದ ಕಂತನ್ನು ನಾನೂ ನೋಡಿದ್ದೆ. ಹಾರುವವನಿಗೆ ಊರಿನಲ್ಲಿ ಯಾರು ಎಲ್ಲಿ ಅತ್ತರೂ ಕೇಳಿಸುತ್ತದೆ. ಹಾಗಾಗಿ ನಿದ್ದೆಯಿಲ್ಲ. ಕೊನೆಗೆ ಒಂದು ದಿನ ತನ್ನ ಶಕ್ತಿಯಿಂದಲೇ ಕಿವಿ ಮುಚ್ಚಿಕೊಂಡು ಮಲಗುತ್ತಾನೆ. ಅವನಿಗೂ ವಿಶ್ರಾಂತಿ ಬೇಡವೇ ಎಂದೆ.

“ಮಲಗ್ಲಿ. ನಾನೂ ಡ್ಯೂಟಿ ಮುಗಿಸಿ ಮಲಗ್ತೀನಿ. ಆದ್ರೆ ಹೋಗೋವಾಗ ಇನ್ನೊಬ್ಬಾಕಿಗೆ ಹೇಳಿ ಹೋಗ್ತೀನಿ. ಇವನು ಕಿವಿ ಮುಚ್ಕಂಡಿದ್ದೀನಿ ಅಂತ ಊರಿಗೆ ಹೇಳ್ಬೇಕಲ್ಲ? ಅವರು ಪಾಪ, ಕೇಳಿಸ್ತೈತೆ ಅಂತ ಕೂಗ್ತಾನೇ ಇದ್ರು.”

ಅವರು ಹರಿಹರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಎಂದು ಆಮೇಲೆ ತಿಳಿಯಿತು. ಸುಮಾರು ಐವತ್ತು ವಯಸ್ಸು, ಬಾತ ಕಾಲು. ಬಸ್ಸು ಹತ್ತಿದ ಕೂಡಲೇ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಜೋಡಿಸಿಡುತ್ತಿದ್ದರು. ಸೀರೆಗೆ ಫಿನಾಯಿಲಿನ ವಾಸನೆ. ವಾದ ಬಿಸಿಯಾದರೆ ನನ್ನ ಮಣಿಕಟ್ಟನ್ನು ಮೂರು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದರು, ನಾಡಿ ನೋಡುವವರ ಹಾಗೆ. ಇಳಿಯುವಾಗ ಹೆಸರು ಕೇಳಿದರು, ಹೇಳಿದೆ. “ನಾಳೆ ಸಿಗ್ತೀಯಲ್ಲ ರೇಣುಕಾ?” ಎಂದರು. ಕಾಲಮ್ಮಿನಲ್ಲಿ ಒಂದು ಎಂದು ಬರೆದೆ.

ತೀರ್ಪನ್ನು ಟಿಕೆಟ್ಟಿನ ಹಿಂದೆ ಬರೆಯುವ ಪದ್ಧತಿ ಜುಲೈನಲ್ಲಿ ಶುರುವಾಯಿತು. ಮಾತಿನಲ್ಲಾದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ವಾಲುತ್ತೇವೆ ಎಂದು ನಾನೇ ನಿಯಮ ಮಾಡಿದೆ. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟಿನ ಹಿಂಬದಿ ಖಾಲಿ ಇರುತ್ತದೆ. ದಾರಿ ನಡುವಿನ ದೊಡ್ಡಬಾತಿ ಬರುವುದರೊಳಗೆ ಇಬ್ಬರೂ ಮರೆ ಮಾಡಿಕೊಂಡು ಬರೆಯಬೇಕು, ಸರಿ ಅಥವಾ ತಪ್ಪು. ದೊಡ್ಡಬಾತಿಯಲ್ಲಿ ಅದಲು ಬದಲು. ಅಲ್ಲಿಂದ ಹರಿಹರದವರೆಗೆ ಜಗಳ. ಕೊಟ್ರಕ್ಕ ನಾಲ್ಕನೇ ಇಯತ್ತೆವರೆಗೆ ಓದಿದವರು. ದೊಡ್ಡ ದೊಡ್ಡ ಅಕ್ಷರ, ಪೆನ್ನು ಒತ್ತಿ ಒತ್ತಿ ಬರೆಯುವುದು. “ತಪ್ಪು ಅಂತ ಬರಿಯಾಕೆ ಹೊತ್ತು ಜಾಸ್ತಿ ಹಿಡಿತೈತೆ. ಅಷ್ಟೊತ್ತಿಗೆ ಮನಸ್ಸು ಬದಲಾಗ್ತೈತೆ ನೋಡು” ಎಂದು ನಗುತ್ತಿದ್ದರು.

ಕಂಡಕ್ಟರು ಹಾಲೇಶಪ್ಪ ಒಂದು ದಿನ ತಡೆಯಲಾರದೆ ನಿಂತುಬಿಟ್ಟರು.

“ಏನ್ರಮ್ಮ, ದಿನಾ ಟಿಕೆಟ್ ಹಿಂದೆ ಕೋರ್ಟು ನಡಿಸ್ತೀರಿ. ನನಗೂ ಒಂದು ಓಟು ಕೊಡ್ರಿ.”

“ನೀವು ಟಿಕೆಟ್ ತಗಂಡೀರೇನು? ಟಿಕೆಟ್ ಇಲ್ದೋರಿಗೆ ಓಟಿಲ್ಲ, ಮುಂದ್ಕೆ ಹೋಗ್ರಿ” ಎಂದು ಕೊಟ್ರಕ್ಕ ಅವರನ್ನು ಕಳಿಸಿದರು. ಇಡೀ ಬಸ್ಸು ನಕ್ಕಿತು.

ಹಾರುವವನ ತಾಯಿಗೆ ಮಗನೇ ಮುಖವಾಡದವನು ಎಂದು ಗೊತ್ತಿಲ್ಲದಿರುವುದನ್ನು ಅವರು ಒಪ್ಪುತ್ತಲೇ ಇರಲಿಲ್ಲ. “ಮೂತಿಗೆ ನೀಲಿ ಬಟ್ಟೆ ಕಟ್ಕಂಡ್ರೆ ಹೆತ್ತಾಕಿಗೆ ನಡಿಗೆ ಗೊತ್ತಾಗಲ್ವೇನು? ಗೊತ್ತೈತೆ ಆಕಿಗೆ. ಮಗ ಹೇಳ್ಲಿ ಅಂತ ಕಾಯ್ತಾ ಕೂತಾಳೆ.” ಇದು ಹನ್ನೊಂದನೇ ತೀರ್ಪು. ಅವನು ಮುಚ್ಚಿಟ್ಟದ್ದು ಸರಿ ಎಂದು ನಾನು ಬರೆದೆ, ತಪ್ಪು ಎಂದು ಅವರು. ನನ್ನ ವಾದ: ತಾಯಿಯನ್ನು ಕಾಪಾಡುವುದಕ್ಕೆ ಅವನು ಮುಚ್ಚಿಟ್ಟಿದ್ದಾನೆ. ಅವರ ವಾದ: ಮುಚ್ಚಿಡುವವರು ಯಾವಾಗಲೂ ತಮ್ಮನ್ನೇ ಕಾಪಾಡಿಕೊಳ್ಳುತ್ತಾರೆ.

ಡಾಕ್ಟರ ಧಾರಾವಾಹಿ ಬಂದರೆ ಅವರ ದನಿ ಬದಲಾಗುತ್ತಿತ್ತು. ಒಂದು ಕಂತಿನಲ್ಲಿ ಇದ್ದದ್ದು ಒಂದೇ ಉಸಿರಾಟದ ಯಂತ್ರ, ರೋಗಿಗಳು ಇಬ್ಬರು. ಕೋಟಿನವನು ಮೊದಲು ಬಂದ ಮುದುಕನನ್ನು ಬಿಟ್ಟು, ನಂತರ ಬಂದ ಹುಡುಗಿಗೆ ಹಾಕಿಸುತ್ತಾನೆ. ನಾನು ಎರಡು ಪುಟ ಯೋಚಿಸಿ ಬರೆದುಕೊಂಡು ಬಂದಿದ್ದೆ. ಕೊಟ್ರಕ್ಕ ತಪ್ಪು ಎಂದು ಬರೆದಿದ್ದರು.

“ಯಾಕ್ರಿ ಅಕ್ಕ, ಹುಡುಗಿ ಬದುಕೋಳು, ಮುದುಕಪ್ಪ ಹೆಂಗೂ...”

“ಮಷಿನ್ ಯಾರಿಗೆ ಹಾಕಿದ್ರೂ ಒಬ್ರು ಹೋಗೋದೇ. ಅದು ಅವನ ಕೈಯಾಗಿಲ್ಲ, ಬಿಡು. ಆಮ್ಯಾಲೆ ಮುದುಕನ ಹೆಂಡ್ತಿಗೆ ಹೇಳಾಕೆ ಯಾರನ್ನ ಕಳಿಸ್ದ? ಆಯಾನ್ನ ಕಳಿಸ್ದ. ಆಕಿ ಬಲಗಡೆ ಇದ್ಲಲ್ಲ, ನಂಗೆ ಕಾಣ್ಲಿಲ್ಲ. ಹೆಂಗಿತ್ತು ಆಕಿ ಮುಖ?”

ನಾನು ಆಯಾಳ ಮುಖ ಗಮನಿಸಿರಲಿಲ್ಲ. ಬಲಗಡೆಯ ಅರ್ಧವನ್ನು ನಾನು ಒಪ್ಪಿಸಲಾಗದೆ ಹೋದ ದಿನಗಳಲ್ಲಿ ಅದೂ ಒಂದು. ಅವರು ನನ್ನ ಮಣಿಕಟ್ಟನ್ನು ಬಿಟ್ಟು, “ನಾವ್ ಹಂಗೇ, ಬಲಗಡೆ ಇರ್ತೀವಿ” ಎಂದು ಕಿಟಕಿಗೆ ತಲೆ ಆನಿಸಿದರು.

ಇಷ್ಟೆಲ್ಲ ಮಾತಾಡಿದರೂ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ. ಊರು ಕೇಳಿದರೆ “ಹರಿಹರ ದಾಟಿ ಹೊಳೆ ಆಚಿಗೆ” ಎನ್ನುತ್ತಿದ್ದರು. ಮಕ್ಕಳ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಹಾರುವವನೂ ಕೋಟಿನವನೂ ಇದ್ದರು, ಅಷ್ಟೇ ಸಾಕಾಗಿತ್ತು. ದಿನಾ ಅದೇ ಬಸ್ಸು, ಅದೇ ಸೀಟು. ಫೋನ್ ನಂಬರು ಬೇಕೆನಿಸಲೇ ಇಲ್ಲ. ೮೨ ಜೋಡಿ ಟಿಕೆಟ್ಟುಗಳನ್ನು ಕ್ರಮಸಂಖ್ಯೆ ಹಾಕಿ ಇಟ್ಟುಕೊಂಡಿರುವ ನನ್ನ ಬಳಿ ಆ ಒಂದು ನಂಬರು ಇಲ್ಲ.

ಜನವರಿಯಲ್ಲಿ ಸತತ ಐದು ಸಲ ನಮ್ಮಿಬ್ಬರ ಉತ್ತರ ಒಂದೇ ಬಂತು. ಐದನೆಯ ದಿನ ಕೊಟ್ರಕ್ಕ ಎರಡೂ ಟಿಕೆಟ್ಟುಗಳನ್ನು ನೋಡಿ ತಲೆ ಅಲ್ಲಾಡಿಸಿದರು.

“ನೀನು ಕೋಟಿನೋನು ಮಾಡಿದ್ದಕ್ಕೆ ಬರೀತಿಲ್ಲ ಬಿಡು. ಕೊಟ್ರಕ್ಕ ಏನ್ ಬರೀತಾಳೆ ಅಂತ ಲೆಕ್ಕ ಹಾಕಿ ಬರೀತೀಯ. ಹಿಂಗಾದ್ರೆ ನಾನು ಒಬ್ಳೇ ಕೂತಂಗಾಗ್ತೈತೆ ನೋಡು.”

ತಮಾಷೆಯಾಗಿಯೇ ಹೇಳಿದ್ದು. ಆದರೆ ನಿಜವೂ ಆಗಿತ್ತು. ಏಳು ತಿಂಗಳಲ್ಲಿ ಅವರ ಮನಸ್ಸು ಯಾವ ಕಡೆ ಹೋಗುತ್ತದೆ ಎಂದು ನನಗೆ ಗೊತ್ತಾಗಿಬಿಟ್ಟಿತ್ತು. ನನಗೆ ಸ್ವಲ್ಪ ಚುಚ್ಚಿತು. ಮುಂದಿನ ಸಲ ವಿಷಯ ಏನೇ ಇರಲಿ, ಅವರು ಬರೆಯುವುದಕ್ಕೆ ವಿರುದ್ಧವಾಗಿ ಬರೆಯುತ್ತೇನೆ ಎಂದು ಆವತ್ತೇ ತೀರ್ಮಾನಿಸಿದೆ. ಡೈರಿಯಲ್ಲಿ ಹಾಗೆಯೇ ಬರೆದಿದ್ದೇನೆ: “೮೩: ವಿರುದ್ಧ.”

ಅದೇ ಸಂಜೆ ಗೋದಾಮಿನಲ್ಲಿ ದಾಸ್ತಾನು ಎಣಿಕೆ ಇತ್ತು. ಧಾರಾವಾಹಿ ನೋಡಲಾಗಲಿಲ್ಲ. ಜನವರಿ ೨೧, ಬುಧವಾರ, ಬಸ್ಸಿನಲ್ಲಿ ಕೂತ ಕೂಡಲೇ ಹೇಳಿದೆ, ಇವತ್ತು ನನ್ನ ಹತ್ತಿರ ಬಲಗಡೆ ಇಲ್ಲ ಅಕ್ಕ, ನಿನ್ನೆ ನೋಡಿಲ್ಲ.

“ನೋಡಿಲ್ವಾ?” ಎಂದು ಸೀಟಿನ ಕೆಳಗಿನ ಚಪ್ಪಲಿಯನ್ನು ಇನ್ನೊಮ್ಮೆ ಜೋಡಿಸಿದರು. “ಹಂಗಾದ್ರೆ ನಾನೇ ಹೇಳ್ತೀನಿ, ಕೇಳು. ಕೋಟಿನೋನಿಗೆ ಸಂಕಟ ಬಂದೈತೆ.”

ಅವರು ಹೇಳಿದ್ದು ಹೀಗೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಒಬ್ಬ ಅಜ್ಜಿ. ಅವಳನ್ನು ನೋಡಲು ಬರುತ್ತಿದ್ದ ಕಿರಿಯ ಮಗ ದಾರಿಯಲ್ಲಿ ಬೈಕು ಲಾರಿಗೆ ಬಡಿದು ತೀರಿಹೋಗಿದ್ದಾನೆ. ಮಣ್ಣೂ ಆಗಿದೆ. ಅಜ್ಜಿಗೆ ಹೇಳಬಾರದು, ಗುಣವಾಗಲಿ ಎಂದು ದೊಡ್ಡ ಮಗ ಆಸ್ಪತ್ರೆಯ ಎಲ್ಲರಿಗೂ ತಾಕೀತು ಮಾಡಿದ್ದಾನೆ. ಅಜ್ಜಿಯ ಮಂಚ ಕಿಟಕಿಯ ಪಕ್ಕ. ಬಲಗಡೆ ಒಂದು ಸಣ್ಣ ಕಪಾಟು, ಅದರ ಮೇಲೆ ಹಿತ್ತಾಳೆ ಲೋಟ. ದಿನಾ ಬೆಳಿಗ್ಗೆ ಕೊಡುವ ಬ್ರೆಡ್ಡಿನಲ್ಲಿ ಅರ್ಧ ತಿಂದು, ಉಳಿದರ್ಧ ಮಗ ಬಂದರೆ ಬೇಕೆಂದು ದಿಂಬಿನ ಕೆಳಗೆ ಇಡುತ್ತಾಳೆ. ಬಂದನಾ, ಬಂದನಾ ಎಂದು ಕೇಳುತ್ತಾಳೆ. ನಾಳೆ ಬರ್ತಾನೆ ಅನ್ನುತ್ತಾರೆ.

“ಕೋಟಿನೋನಿಗೆ ಹೇಳಿಬಿಡ್ಬೇಕು ಅನಿಸ್ತೈತೆ. ಮನೆಯೋರು ಬ್ಯಾಡ ಅಂದಾರೆ. ಸುಮ್ನದಾನೆ. ಹತ್ತು ದಿನ ಆತು. ಸುಮ್ನಿರೋದು ಸರಿನಾ, ತಪ್ಪಾ? ಬರಿ.”

ರೋಗಿಗೆ ನೋವಾಗುವುದನ್ನು ಕೊಟ್ರಕ್ಕ ಒಪ್ಪುವವರಲ್ಲ. ಸರಿ ಎಂದೇ ಬರೆಯುತ್ತಾರೆ ಎಂದು ಲೆಕ್ಕ ಹಾಕಿದೆ. ವಿರುದ್ಧ ಬರೆಯಬೇಕಲ್ಲ. ತಪ್ಪು ಎಂದು ಬರೆದೆ. ಎರಡು ಸೆಕೆಂಡೂ ಹಿಡಿಯಲಿಲ್ಲ.

ದೊಡ್ಡಬಾತಿಯಲ್ಲಿ ನನ್ನ ಟಿಕೆಟ್ಟನ್ನು ಅವರು ತೆಗೆದುಕೊಂಡರು. ಇಷ್ಟು ಸಣ್ಣ ಪದವನ್ನು ಅಷ್ಟು ಹೊತ್ತು ಓದಿದವರನ್ನು ನಾನು ಕಂಡಿಲ್ಲ.

“ಯೋಚ್ನೆ ಮಾಡಿ ಬರ್ದೀಯಾ?”

“ಹೂಂ ಅಕ್ಕ.”

“ಯಾಕ ತಪ್ಪು?”

“ಅವಳ ಮಗ ಅಲ್ವೇನ್ರಿ? ಎಲ್ಲರಿಗೂ ಗೊತ್ತಿದ್ದು ಅವಳಿಗೊಬ್ಬಳಿಗೇ ಗೊತ್ತಿಲ್ಲ ಅಂದ್ರೆ ಹೆಂಗೆ?”

ಬಾಯಿಗೆ ಬಂದದ್ದನ್ನು ಹೇಳಿದ್ದೆ. ಹೇಳಿದ ಮೇಲೆ ಚೆನ್ನಾಗಿಯೇ ಇದೆ ಅನಿಸಿತು. ಅವರ ಟಿಕೆಟ್ಟಿಗಾಗಿ ಕೈ ಚಾಚಿದೆ. ಕೊಡಲಿಲ್ಲ. ನನ್ನದನ್ನೂ ತಮ್ಮದನ್ನೂ ಒಟ್ಟಿಗೆ ಮಡಚಿ, ಸಣ್ಣ ಪರ್ಸಿನಲ್ಲಿಟ್ಟುಕೊಂಡು ಝಿಪ್ ಎಳೆದರು.

“ಅಕ್ಕ, ಇದು ನಿಯಮ ಅಲ್ಲ.”

“ನಾಳೆ ತೋರಿಸ್ತೀನಿ ಕಣೆ” ಎಂದು ನನ್ನ ಕೆನ್ನೆ ಮುಟ್ಟಿದರು. ಹರಿಹರದಲ್ಲಿ ಚಪ್ಪಲಿ ಹಾಕಿಕೊಂಡು ಇಳಿದು, ಯಾವತ್ತಿನ ಹಾಗೆ ಎಡಕ್ಕೆ ತಿರುಗಿ ಹೋದರು. ಅದೇ ಕೊನೆ.

ಮರುದಿನ ಸೀಟು ಖಾಲಿ. ಅದರ ಮರುದಿನವೂ. ಹಾಲೇಶಪ್ಪನವರು “ಕೋರ್ಟಿಗೆ ರಜಾನೇನಮ್ಮ?” ಎಂದು ಕೇಳಿದರು. ಜ್ವರವಿರಬೇಕು, ಊರಿಗೆ ಹೋಗಿರಬೇಕು ಎಂದುಕೊಂಡೆ. ಫೆಬ್ರವರಿ ೧ರ ಭಾನುವಾರ, ಪುಸ್ತಕದಲ್ಲಿ ಬಿಟ್ಟಿದ್ದ ಜಾಗ ತುಂಬಿಸಲು ನೋಡದೇ ಹೋದ ಆ ಕಂತನ್ನು ಮೊಬೈಲಿನಲ್ಲಿ ಹಾಕಿದೆ. ಅದರಲ್ಲಿ ಅಜ್ಜಿ ಇರಲಿಲ್ಲ. ಡಾಕ್ಟರ ತಂಗಿಯ ನಿಶ್ಚಿತಾರ್ಥವಿತ್ತು. ಹಿಂದಿನ ಕಂತು ನೋಡಿದೆ, ಮುಂದಿನದನ್ನೂ ನೋಡಿದೆ. ಎಲ್ಲಿಯೂ ಬ್ರೆಡ್ಡಿಲ್ಲ, ದಿಂಬಿಲ್ಲ, ಹಿತ್ತಾಳೆ ಲೋಟವಿಲ್ಲ.

ಆಗ ಹೊಳೆಯಿತು. ಆವತ್ತು ಅವರು ಬಲಗಡೆ ಏನಿತ್ತು ಎಂದೂ ಹೇಳಿದ್ದರು. ಏಳು ತಿಂಗಳು ಬಲಗಡೆಯನ್ನು ನನ್ನಿಂದ ಕೇಳಿ ತಿಳಿದವರು, ಆವತ್ತು ಮಾತ್ರ ಇಡೀ ಕೋಣೆಯನ್ನು ಕಂಡವರ ಹಾಗೆ ಹೇಳಿದ್ದರು. ಅದು ಟಿ.ವಿ. ಅಲ್ಲ. ಸಂಕಟ ಬಂದದ್ದು ಕೋಟಿನವನಿಗಲ್ಲ.

ಫೆಬ್ರವರಿ ೫ರಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನರ್ಸಿಂಗ್ ಹೋಮಿಗೆ ಹೋದೆ. ಹಿಂಬಾಗಿಲಲ್ಲಿ ಬೆಡ್‌ಶೀಟು ಒಣಹಾಕುತ್ತಿದ್ದ ಜರೀನಾ ಎಂಬ ಆಯಾ ಸಿಕ್ಕರು. ಕೊಟ್ರಕ್ಕನ ಹೆಸರೆತ್ತಿದ್ದಕ್ಕೆ ಸುತ್ತ ನೋಡಿ ದನಿ ತಗ್ಗಿಸಿದರು.

“ಕೊಟ್ರಮ್ಮನ್ನ ಬರಬ್ಯಾಡ ಅಂದ್ರಲ್ಲಮ್ಮ. ಸೊಂಟದ ಅಜ್ಜಿಗೆ ಮಗ ಸತ್ತಿದ್ದು ಹೇಳಿಬಿಟ್ಲು. ದೊಡ್ಡ ಮಗ ಬಂದು ಗಲಾಟೆ ಮಾಡಿದ. ಅವತ್ತೇ ಕಳಿಸಿದ್ರು.”

“ಯಾವತ್ತು?”

“ಬುಧವಾರ. ಬೆಳಿಗ್ಗೆ ಬಂದೋಳು ಸೀರೆ ಸೆರಗು ಸಿಗಿಸ್ಕಂಡು ಸೀದಾ ಅಲ್ಲಿಗೇ ಹೋದ್ಲು. ಚಾ ಸೈತ ಕುಡಿಲಿಲ್ಲ.”

“ಅಜ್ಜಿ ಏನಂದ್ರು?”

“ನಾನು ಆಚೆ ವಾರ್ಡಿನಾಗಿದ್ದೆ. ಅಜ್ಜಿ ಅಳ್ಲಿಲ್ಲಂತೆ. ದಿಂಬಿನ ಕೆಳಗಿದ್ದ ಬ್ರೆಡ್ ತೆಗೆದು ಕೊಟ್ರಮ್ಮನ ಕೈಗೆ ಕೊಟ್ಲು ಅಂತ ಒಬ್ರಂತಾರೆ. ಮುಖಕ್ಕೆ ಒಗೆದ್ಲು ಅಂತ ಒಬ್ರಂತಾರೆ. ನಾನು ಕಂಡಿಲ್ಲ, ಸುಳ್ಳು ಯಾಕ ಹೇಳ್ಲಿ. ಎರಡು ದಿನಕ್ಕೆ ಅಜ್ಜಿನ್ನ ಊರಿಗೆ ಕರ್ಕಂಡು ಹೋದ್ರು.”

ಕೊಟ್ಟಳೋ, ಒಗೆದಳೋ. ನನ್ನ ಪುಸ್ತಕದಲ್ಲಿ ಈ ಎರಡೂ ಪದಗಳ ಎದುರು ಪ್ರಶ್ನೆ ಚಿಹ್ನೆಗಳಿವೆ.

ಮುಂದಿನ ಭಾನುವಾರ ಎಸ್.ಎಸ್. ಬಡಾವಣೆಯ ಮನೆ ಹುಡುಕಿಕೊಂಡು ಹೋದೆ. ನೀರಿನ ಟ್ಯಾಂಕಿನ ಹತ್ತಿರ, ಹಸಿರು ಗೇಟು ಎಂದು ಅವರು ಯಾವಾಗಲೋ ಹೇಳಿದ್ದು ಡೈರಿಯಲ್ಲಿತ್ತು. ಮನೆಯೊಡತಿ ಒಳ್ಳೆಯವರು, ಒಳಗೆ ಕರೆದು ಕೂರಿಸಿದರು. “ಜನವರಿ ಕೊನಿಗೆ ಖಾಲಿ ಮಾಡಿದ್ಲಮ್ಮ. ಎರಡು ಚೀಲ ಇತ್ತು, ಅಷ್ಟೇ. ಎಲ್ಲಿಗೆ ಅಂದ್ರೆ ಹೊಳೆ ಆಚಿಗೆ ಅಂದ್ಲು. ಫೋನ್ ಮಾಡಿದ್ರೆ ಸ್ವಿಚ್ ಆಫ್ ಬರ್ತೈತೆ.” ನಂಬರು ಬರೆದುಕೊಂಡೆ. ನನಗೂ ಅದೇ ಉತ್ತರ ಬರುತ್ತಿದೆ. ಇವತ್ತಿನವರೆಗೆ ೪೧ ಸಲ.

ಹೊರಡುವ ಮುನ್ನ ಕುಡಿಯಲು ನೀರು ಕೇಳಿದೆ. ಅವರು ನೀರು ತುಂಬುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಾಲಿನಲ್ಲಿ ಟಿ.ವಿ. ಓಡುತ್ತಿತ್ತು. ಬೀರು ಅಲ್ಲಿಯೇ ಇತ್ತು. ಯಾರೋ ಒಬ್ಬ ಹೆಂಗಸು ಪರದೆಯ ಎಡತುದಿಯಲ್ಲಿ ನಿಂತು ಬಲಗಡೆಯವರ ಜೊತೆ ಮಾತಾಡುತ್ತಿದ್ದಳು. ಯಾರ ಜೊತೆ ಎಂದು ಕಾಣಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಭುಜದ ಎತ್ತರಕ್ಕೆ ಬಣ್ಣ ಸವೆದು ಮರ ನುಣುಪಾಗಿತ್ತು. ಲೋಟ ಕೊಡುತ್ತ ಅವರು, “ಒಳಗೆ ಬಂದು ಕೂತು ನೋಡಮ್ಮ, ಯಾಕ ಅಲ್ಲಿ ನಿಂತಿ?” ಎಂದರು.

ನಾನು ಬರೆದ ಆ ಪದ ಅವರನ್ನು ಅಜ್ಜಿಯ ಮಂಚದ ಬಳಿಗೆ ಕಳಿಸಿತೋ, ಅಥವಾ ಅವರು ಮೊದಲೇ ತೀರ್ಮಾನಿಸಿಕೊಂಡು ಸುಮ್ಮನೆ ನನ್ನನ್ನು ಕೇಳಿದರೋ ಗೊತ್ತಿಲ್ಲ. ಸುಳ್ಳು ಹೇಳಬಾರದು ಎಂದು ನಾನು ಟಿಕೆಟ್ಟಿನಲ್ಲಿ ಬರೆದೆ. ಯೋಚಿಸಿ ಬರೆದೆ ಎಂದು ಬಾಯಲ್ಲಿ ಸುಳ್ಳು ಹೇಳಿದೆ. ನಿಜವಾಗಿ ಯೋಚಿಸಿದರೆ ಏನು ಬರೆಯುತ್ತಿದ್ದೆ ಎಂದು ನೋಡಲು ಈ ತಿಂಗಳಲ್ಲಿ ಹಲವು ಸಲ ಟಿಕೆಟ್ಟಿನ ಹಿಂದೆ ಪೆನ್ನು ಇಟ್ಟಿದ್ದೇನೆ. ದೊಡ್ಡಬಾತಿ ಬರುತ್ತದೆ, ಹೋಗುತ್ತದೆ. ಟಿಕೆಟ್ಟು ಖಾಲಿಯೇ ಇರುತ್ತದೆ.

ಹಳೆಯ ಟಿಕೆಟ್ಟುಗಳು ಕೆಮ್ಮಿನ ಔಷಧಿಯ ಒಂದು ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿವೆ. ನಿನ್ನೆ ತೆಗೆದು ನೋಡಿದೆ. ಬಸ್ಸಿನ ಯಂತ್ರ ಒತ್ತಿದ ಅಕ್ಷರ ಮಾಸಿಹೋಗಿ ಮುಂಬದಿ ಬೆಳ್ಳಗಾಗುತ್ತಿದೆ. ಜುಲೈನವುಗಳಲ್ಲಿ ಊರಿನ ಹೆಸರೂ ಉಳಿದಿಲ್ಲ. ಹಿಂಬದಿಯಲ್ಲಿ ಅವರು ಒತ್ತಿ ಬರೆದದ್ದು ಮಾತ್ರ ಬೆರಳಿಗೆ ತಾಗುತ್ತದೆ. ೪೯ ಸಲ ಒಪ್ಪಿದ್ದೇವೆ, ೩೩ ಸಲ ಒಪ್ಪಿಲ್ಲ. ೮೩ನೆಯ ಸಾಲಿನಲ್ಲಿ ನನ್ನ ಉತ್ತರ ಇದೆ, ಅವರ ಜಾಗ ಖಾಲಿ. ಹೆಸರು ಹಿಡಿದು ಕರೆದವರ ಕಾಲಂ ಹಾಕುವುದನ್ನು ನಿಲ್ಲಿಸಿದ್ದೇನೆ.

ಇದನ್ನು ಓದುವವರಲ್ಲಿ ಹೊಳೆಯಾಚೆಯವರು ಯಾರಾದರೂ ಇದ್ದರೆ, ಬಸ್ಸಿನಲ್ಲಿ ಚಪ್ಪಲಿ ಬಿಚ್ಚಿ ಜೋಡಿಸಿಡುವ, ಮಾತಾಡುತ್ತ ಮಣಿಕಟ್ಟು ಹಿಡಿಯುವ ಕೊಟ್ರಮ್ಮ ಎಂಬವರನ್ನು ಕಂಡಿದ್ದರೆ, ದಯವಿಟ್ಟು ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಎರಡು ಸಾಲು ಬರೆಯಿರಿ. ಆ ಅಜ್ಜಿಯ ಮನೆಯವರು ಓದಿದರೂ ಬರೆಯಿರಿ. ಆವತ್ತು ಬ್ರೆಡ್ಡು ಏನಾಯಿತು ಎಂದಷ್ಟೇ ತಿಳಿಸಿ, ಬೈಗುಳವಿದ್ದರೆ ಅದೂ ಇರಲಿ. ಕೊಟ್ರಕ್ಕ ಸಿಕ್ಕರೆ ಅವರಿಗೆ ಹೇಳಿ, ರೇಣು ಆವತ್ತು ಯೋಚಿಸಿ ಬರೆದಿರಲಿಲ್ಲ, ಬರೀ ವಿರುದ್ಧ ಬರೆದಿದ್ದಳು ಎಂದು. ಹೇಳಿದ ಮೇಲೆ, ಅವರ ಪರ್ಸಿನಲ್ಲಿ ಮಡಚಿಟ್ಟ ಎರಡು ಟಿಕೆಟ್ಟುಗಳಿವೆಯೇ ಕೇಳಿ. ಒಂದು ನನ್ನದು. ಇನ್ನೊಂದರ ಹಿಂದೆ ಏನಿದೆ ಎಂದು ನೋಡಿ ಬರೆಯಿರಿ.